ನೆಲಹಿಪ್ಪಲಿ

ಮುಹರ್ರಕ್ಕಿನ ಸರ್ಕಲ್ಲಿಗೆ ಪ್ಲಾಸ್ಟಿಕ್ ಹುಲ್ಲು ಹಾಸಿದ ದಿನ
ಕಿತ್ತು ರಾಶಿ ಹಾಕಿದ ಹಸಿರಿನಿಂದ ಒಂದು ಹಿಡಿ
ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದ ಶಫೀಕುಲ್.
'ಈ ಗಲ್ಲಿಯಲ್ಲಿ ಇಡೀ ದಿನ ನೀರು ಮುಟ್ಟುವವನು ನೀನೊಬ್ಬನೇ,
ಇಟ್ಟುಕೋ' ಅಂದ.

ಬಿಚ್ಚಿದೆ. ಅಯ್ಯೋ ಮಾರಾಯ,
ಇದು ನೆಲಹಿಪ್ಪಲಿ!
ತೋಡಿನ ಬದಿಯಿಂದ ಗುಲಾಬಿ ಚಿಕ್ಕಿ ಕಿತ್ತು
ನನ್ನ ಕುರುವಿಗೆ ಅರೆದು ಹಚ್ಚುತ್ತಿದ್ದ ಕಳೆ.
ನರ್ಸರಿಯಲ್ಲಿ ತಟ್ಟೆಗೆ ಒಂದೂವರೆ ದಿನಾರ್ ಅಂತೆ.
ಇಸ್ತ್ರಿ ತಿಕ್ಕುತ್ತಲೇ ಲೆಕ್ಕ ಹಾಕಿದೆ,
ಚಿಕ್ಕಿ ಬುಟ್ಟಿಗಟ್ಟಲೆ ಬೇಲಿಯಾಚೆ ಎಸೆದದ್ದು
ಎಷ್ಟು ದಿನಾರ್ ಆಯಿತು.

ಉಮ್ ಜಾಸಿಮಳ ಹಿತ್ತಿಲು. ನನ್ನ ಬಟ್ಟೆ ಹಗ್ಗಗಳ ಕೆಳಗೆ
ಅಗೆದರೆ ಚಿಪ್ಪು, ಹವಳದ ಚೂರು,
ಕೀಲಿ ಕಳೆದುಕೊಂಡ ಒಂದು ಬೀಗ.
ಮಧ್ಯಾಹ್ನಕ್ಕೆ ನೆಲವೇ ಉಪ್ಪು ಬೆವರಿ ಬೆಳ್ಳಗಾಗುತ್ತದೆ.
ಮೊದಲ ವಾರ ಸಾಬೂನು ನೀರು ಸುರಿದು ಅರ್ಧವನ್ನು ಕೊಂದೆ.
ಆಮೇಲೆ ಎ.ಸಿ. ಪೈಪಿನ ತೊಟ್ಟು ನೀರು.
ತುಪ್ಪದ ಡಬ್ಬಿ ಇಟ್ಟು ರಾತ್ರಿಯೆಲ್ಲ ಹಿಡಿದದ್ದು,
ಉಪ್ಪಿಲ್ಲ, ಸಪ್ಪೆ,
ಮಲಗಿದವರ ಬೆವರಿಳಿಸಿದ ತಂಪು.

ಡಿಸೆಂಬರಿನಲ್ಲಿ ಎ.ಸಿ. ನಿಂತಿತು. ಡಬ್ಬಿ ಒಣಗಿತು.
ಎರಡು ಸಲ ಮಳೆ ಬಂತು, ಗಲ್ಲಿ ಹೊಳೆಯಾಯಿತು,
ಕಾರುಗಳು ನಿಂತವು, ಶಾಲೆಗೆ ರಜೆ ಕೊಟ್ಟರು.
ಇದು ಮಾತ್ರ ಸದ್ದಿಲ್ಲದೆ ಹರಿಯತೊಡಗಿತು.
ಗಿಣ್ಣು ನೆಲ ಮುಟ್ಟಿದಲ್ಲಿ ಒಂದು ಬೇರು,
ಬೇರಿನ ಮೇಲೆ ಎರಡು ಎಲೆ, ಎಲೆಯಾಚೆ ಮತ್ತೊಂದು ಗಿಣ್ಣು.
ನನ್ನ ಕೈಯ ಗಿಣ್ಣುಗಳನ್ನು ನೋಡಿಕೊಂಡೆ.
ಹಬೆಗೆ ಸುಟ್ಟು ಸುಟ್ಟು
ಅವು ಏನನ್ನೂ ಹಿಡಿಯುವ ಹಾಗಿಲ್ಲ.

ಒಂದು ಮಾತು ಹೇಳಬೇಕು:
ನಾನಿದನ್ನು ಚಂದಕ್ಕೆ ಬೆಳೆಸಿದವನಲ್ಲ.
ಶಮಾಲ್ ಗಾಳಿ ಎದ್ದರೆ ಕ್ಲಿಪ್ಪು ಹಾರಿ
ತೊಳೆದ ಗುತ್ರಾ ಮರಳಿಗೆ ಬೀಳುತ್ತಿತ್ತು,
ಮತ್ತೆ ತೊಳಿ, ಮತ್ತೆ ಗಂಜಿ ಹಾಕು.
ಈಗ ಬಿದ್ದರೆ ಹಸಿರಿನ ಮೇಲೆ ಬೀಳುತ್ತದೆ,
ಕೊಡವಿದರೆ ಮುಗಿಯಿತು.
ತಿಂಗಳಿಗೆ ನಾಲ್ಕು ದಿನಾರಿನ ಸಾಬೂನು ಉಳಿತಾಯ.

ಮಾರ್ಚ್ ಹುಟ್ಟುತ್ತಲೇ ಹೂ.
ಬೆಂಕಿಕಡ್ಡಿಯ ತಲೆಯಷ್ಟು ಕಪ್ಪು,
ಸುತ್ತ ಬಿಳಿ-ನೇರಳೆಯ ಕಿರುಜಾಲರಿ.
ಬಗ್ಗದವನಿಗೆ ಕಾಣುವುದಿಲ್ಲ.
ಜೇನುಹುಳ ಬಂದವು, ಎಲ್ಲಿಂದಲೋ,
ವಿಮಾನಗಳು ತಲೆಸವರಿ ಇಳಿಯುವ ಈ ಊರಿಗೆ.
ಯಾರದೋ ಗುತ್ರಾದೊಳಗೆ ಒಂದು ಹೊಕ್ಕು
ಗಿರಾಕಿಯ ಕಿವಿಗೆ ಕಚ್ಚಿತು.
ಹಣ ವಾಪಸು ಕೊಟ್ಟೆ.

ಇಸ್ತ್ರಿಮೇಜಿನಿಂದ ಹಗ್ಗಕ್ಕೆ, ಹಗ್ಗದಿಂದ ಮೇಜಿಗೆ
ನಾನು ತುಳಿದ ದಾರಿಯಲ್ಲೇ ದಟ್ಟ,
ತುಳಿಯದ ಮೂಲೆಯಲ್ಲಿ ತೆಳು.
ಏಕೋ, ನನಗೆ ತಿಳಿಯದು.

ಹೂ ಕಂಡು ಉಮ್ ಜಾಸಿಮ್ ಕುರ್ಚಿ ತರಿಸಿ ಕೂತಳು.
'ಇದರ ಹೆಸರೇನು?'
'ನೆಲಹಿಪ್ಪಲಿ.'
'ಪ' ಅವಳ ನಾಲಿಗೆಯಲ್ಲಿಲ್ಲ. ಪೆಪ್ಸಿ ಕೂಡ ಬೆಬ್ಸಿ.
'ನೆಲ... ಹಿಬ್ಬ... ಹಿಬಾ-ಲೀ?'
ಥಟ್ಟನೆ ನಿಂತಳು. ನನ್ನನ್ನೇ ನೋಡಿದಳು.
ಅವಳ ಭಾಷೆಯಲ್ಲಿ ಹಿಬಾ ಅಂದರೆ ಉಡುಗೊರೆ,
ಲೀ ಅಂದರೆ ನನಗೆ.

ಹದಿನೇಳು ವರ್ಷ ಬಾಡಿಗೆ ಕೊಟ್ಟಿದ್ದೇನೆ,
ತಡವಾದಾಗ ಬೈಸಿಕೊಂಡಿದ್ದೇನೆ,
ಉಡುಗೊರೆ ಕೊಟ್ಟದ್ದಿಲ್ಲ.
ಹೌದೆನ್ನಲೋ, ಅಲ್ಲವೆನ್ನಲೋ.
'ಐವಾ' ಅಂದುಬಿಟ್ಟೆ.

ಮರುದಿನ ಅಡುಗೆಮನೆಯ ಕತ್ತರಿ ಹಿಡಿದು ಬಂದಳು,
ರಿಫಾದಲ್ಲಿರುವ ಮಗಳಿಗೆ ಒಂದು ತಟ್ಟೆಯಂತೆ.
ಹಬೆಯ ಈಚೆಯಿಂದ ನೋಡುತ್ತಿದ್ದೆ:
ತೆಳುವಾದ ಮೂಲೆ ಬಿಟ್ಟು
ಸೀದಾ ನನ್ನ ದಾರಿಗೇ ಬಾಗಿ
ಕತ್ತರಿ ಹಾಕಿದಳು.